ಆರುನೂರು ಡಾಲರಿನ ಪಂದ್ಯ

ವೆಂಡೆಲ್ ಶಿಮಾಬುಕುವಿಗೆ ಏನಾದರೂ ಪುಕ್ಕಟೆ ಸಿಕ್ಕಿದರೆ ಎರಡು ದಿನ ಊಟ ರುಚಿಸುವುದಿಲ್ಲ. ಒಮ್ಮೆ ನಮ್ಮ ಮನೆಗಳ ಹತ್ತಿರದ ಕಸೀನೊದವರು ಖಾಯಂ ಗಿರಾಕಿಗಳಿಗೆಂದು ಗುರುವಾರ ಹಂಚುವ ಉಡುಗೊರೆಯಲ್ಲಿ ಅವನಿಗೊಂದು ಟೋಸ್ಟರ್ ಕೊಟ್ಟರು. ಅವನು ಅದನ್ನು ಮನೆಗೆ ತಂದು, ಸ್ಕ್ರೂಗಳನ್ನೆಲ್ಲ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು ನೋಡುತ್ತ ಕೂತಿದ್ದ.

"ಏನು ಹುಡುಕ್ತಿದೀಯ?" ಅಂತ ಕೇಳಿದೆ.

"ಅವರಿಗೆ ಇದರಲ್ಲಿ ಏನು ಲಾಭ ಅಂತ."

ಏನೂ ಸಿಗಲಿಲ್ಲ. ಸಿಗದೇ ಹೋದದ್ದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಆ ಟೋಸ್ಟರಿನ ಭಾಗಗಳು ಮತ್ತೆ ಒಂದಾಗಲೇ ಇಲ್ಲ. ಆಮೇಲೆ ಕೊಟ್ಟ ಕಂಬಳಿಗಳನ್ನೂ ಅನ್ನದ ಕುಕ್ಕರುಗಳನ್ನೂ ಅವನು ಬಿಚ್ಚದೆ ಪೆಟ್ಟಿಗೆ ಸಮೇತ ಗೋಡೆಗೆ ಒರಗಿಸಿಟ್ಟ. ತನ್ನ ಪುಟ್ಟ ಮನೆಯಲ್ಲಿ ಅವನು ಓಡಾಡುವುದು ಈಗ ಆ ಪೆಟ್ಟಿಗೆಗಳ ಸಂದಿಯಲ್ಲಿ. ಫ್ರೀಜರಿನಲ್ಲಿ ಏಳು ಟರ್ಕಿ ಕೋಳಿಗಳಿವೆ. ಅವೂ ಕಸೀನೊದವರು ಹಬ್ಬಕ್ಕೆ ಕೊಟ್ಟವೇ. ಒಬ್ಬನೇ ಮನುಷ್ಯ ಟರ್ಕಿ ಬೇಯಿಸಿದರೆ ಹನ್ನೊಂದು ದಿನ ತಿನ್ನಬೇಕಾಗುತ್ತದೆ ಎಂಬ ಲೆಕ್ಕ ಹಾಕಿ ಸುಮ್ಮನಿದ್ದಾನೆ.

ನಾವಿಬ್ಬರೂ ಹವಾಯಿಯವರು. ಅವನು ಹೈಲೋ ಊರಿನವನು, ಜಪಾನಿನ ಒಕಿನಾವಾದಿಂದ ಕಬ್ಬು ಕಡಿಯಲು ಬಂದವರ ಮೊಮ್ಮಗ. ನಾನು ಎವರೆಟ್ ಮೆಡೈರೋಸ್, ಮಾವಿ ದ್ವೀಪದ ಪೋರ್ಚುಗೀಸರ ಪೈಕಿ, ಅಂಚೆ ಇಲಾಖೆಯಿಂದ ನಿವೃತ್ತ. ನಮ್ಮ ದ್ವೀಪಗಳು ಎಂಟು, ಒಂಬತ್ತನೆಯದು ಮರಳುಗಾಡಿನಲ್ಲಿದೆ ಎಂದು ನಮ್ಮವರು ಹೇಳುವುದು ಈ ಲಾಸ್ ವೇಗಾಸನ್ನೇ. ಅಷ್ಟು ಜನ ಬಂದು ಸೇರಿದ್ದೇವೆ. ಆದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ಬಂದರೆ, ವೆಂಡೆಲ್ ಮಾತ್ರ ಭಾಷಣ ಮಾಡಿ ಬಂದವನು. ಹತ್ತೊಂಬತ್ತು ವರ್ಷದ ಹಿಂದೆ ಹೈಲೋದ ಸಭಾಭವನದಲ್ಲಿ ಬೀಳ್ಕೊಡುಗೆ ಊಟ. ನೂರಿಪ್ಪತ್ತು ಜನ ಉಣ್ಣುತ್ತಿರುವಾಗ ಎದ್ದು ನಿಂತು, "ಒಂದು ಡಬ್ಬಿ ಹಾಲಿಗೆ ಇಷ್ಟು ಕೊಟ್ಟು ಇಲ್ಲಿ ಬದುಕೋರಿಗೆ ಬುದ್ಧಿ ಇಲ್ಲ" ಎಂದಿದ್ದನಂತೆ. ಆ ಊಟಕ್ಕೆ ಹಾಲು ತಂದುಕೊಟ್ಟವರೂ ಅಲ್ಲೇ ಇದ್ದರು.

ಇಲ್ಲಿಗೆ ಬಂದು ಹನ್ನೆರಡು ವರ್ಷ ವಿಮಾನ ನಿಲ್ದಾಣಕ್ಕೂ ಹೋಟೆಲುಗಳಿಗೂ ನಡುವೆ ವ್ಯಾನು ಓಡಿಸಿದ. ಅವನ ಜ್ಞಾನವೆಲ್ಲ ಆ ವ್ಯಾನಿನ ಹಿಂದಿನ ಸೀಟಿನಿಂದ ಬಂದದ್ದು. ಬರುವಾಗ ಹಾಡು ಹೇಳುತ್ತ ಬರುವ ಜನ ಹೋಗುವಾಗ ಬಿಲ್ಲು ಓದುತ್ತ ಹೋಗುತ್ತಾರೆ. ಕೋಣೆಗೆ ಮೂವತ್ತೊಂಬತ್ತು ಡಾಲರ್ ಎಂದು ಬೋರ್ಡು ಹಾಕಿ, ಕೊನೆಗೆ ಅದರ ಮೇಲೆ ದಿನಕ್ಕೆ ನಲವತ್ತೈದು 'ರೆಸಾರ್ಟ್ ಫೀ' ಹಾಕುತ್ತಾರೆ. ಕಾರು ನಿಲ್ಲಿಸಿದರೆ ಅದಕ್ಕೊಂದು, ಬೆಳಿಗ್ಗೆ ಹತ್ತು ಗಂಟೆಗೆ ಬಂದೆ ಕೋಣೆ ಕೊಡಿ ಎಂದರೆ ಅದಕ್ಕೊಂದು. ವೆಂಡೆಲ್ ಕನ್ನಡಿಯಲ್ಲಿ ಅವರ ಮುಖ ನೋಡುತ್ತ ಎಲ್ಲವನ್ನೂ ನೆನಪಿಟ್ಟುಕೊಂಡ. ನಿವೃತ್ತನಾದ ಮೇಲೆ ಹೈಲೋದಿಂದ ಯಾರೇ ಬರಲಿ, ಹೋಟೆಲು ಆರಿಸಿ ಕೊಡುವುದು ಅವನ ಹಕ್ಕಾಯಿತು. ಸಲಹೆ ಕೇಳದವರಿಗೂ ಕೊಡುತ್ತಿದ್ದ.

ಅವನ ಹೆಂಡತಿ ಡೋರಿಸ್ ಮೂರು ವರ್ಷದ ಹಿಂದೆ ತೀರಿಕೊಂಡಳು. ಅಂದಿನಿಂದ ಅವನ ಅಕ್ಕ ಮಿತ್ಸುಯೆ ಪ್ರತಿ ಭಾನುವಾರ ಹೈಲೋದಿಂದ ಫೋನು ಮಾಡಿ ಒಂದೇ ಮಾತು ಹೇಳುತ್ತ ಬಂದರು: ಸಾಕು, ವಾಪಸ್ ಬಾ, ನನ್ನ ಮನೆಯ ಹಿಂದಿನ ಕೋಣೆ ಖಾಲಿ ಇದೆ. ಇವನದೂ ಒಂದೇ ಉತ್ತರ: ಇಲ್ಲಿ ಬದುಕೋದು ಅಗ್ಗ. ಕಳೆದ ಮಾರ್ಚಿನಲ್ಲಿ ಅಕ್ಕನಿಗೆ ಸಾಕಾಯಿತು. ಫೋನಿನ ಧ್ವನಿ ಜೋರು ಮಾಡಿಟ್ಟಿದ್ದರಿಂದ ನನಗೂ ಕೇಳಿಸುತ್ತಿತ್ತು.

"ಅಷ್ಟು ಅಗ್ಗ ಅಂತೀಯಲ್ಲ, ತೋರಿಸು ನೋಡೋಣ. ನಾಲ್ಕು ರಾತ್ರಿಗೆ ಬರ್ತೀನಿ. ಕೋಣೆ, ಊಟ, ಓಡಾಟ ಎಲ್ಲ ಸೇರಿ ಆರುನೂರು ಡಾಲರ್. ಆಟದ ದುಡ್ಡು ನನ್ನದು ಬೇರೆ. ಆರುನೂರರ ಒಳಗೆ ಮುಗಿಸಿದ್ರೆ ಇನ್ನು ಜನ್ಮದಲ್ಲಿ ವಾಪಸ್ ಬಾ ಅನ್ನಲ್ಲ. ಒಂದು ಡಾಲರ್ ಮೇಲೆ ಹೋದ್ರೂ ನೀನು ಗಂಟುಮೂಟೆ ಕಟ್ಟಿ ಹೈಲೋಗೆ ಬರ್ಬೇಕು."

"ನನ್ನ ಮನೇಲೇ ಇರು, ಎಲ್ಲ ಪುಕ್ಕಟೆ."

"ಐದೂವರೆ ಗಂಟೆ ವಿಮಾನದಲ್ಲಿ ಕೂತು ಬಂದು ನಿನ್ನ ಕುಕ್ಕರ್ ಪೆಟ್ಟಿಗೆಗಳ ಮಧ್ಯ ಮಲಗ್ಲಾ? ಹೋಟೆಲ್ಲೇ ಆಗ್ಬೇಕು. ಎವರೆಟ್ ಸಾಕ್ಷಿ. ರಸೀದಿ ಎಲ್ಲ ಅವನ ಹತ್ರ ಇರ್ಲಿ."

ವೆಂಡೆಲ್ ನನ್ನ ಕಡೆ ತಿರುಗಿ, ಫೋನಿಗೆ ಕೈ ಅಡ್ಡ ಹಿಡಿದು, "ನೀನು ಯಾರ ಪಾರ್ಟಿ?" ಅಂದ. ಯಾರ ಪಾರ್ಟಿಯೂ ಅಲ್ಲ ಅಂದೆ. "ಹಾಗನ್ನೋರೇ ಡೇಂಜರು" ಅಂದು, ಪಂದ್ಯಕ್ಕೆ ಒಪ್ಪಿಕೊಂಡ.

ಮುಂದಿನ ಎರಡು ತಿಂಗಳು ಅವನು ಹೋಟೆಲು ಆರಿಸಿದಷ್ಟು ಎಚ್ಚರದಲ್ಲಿ ಕೆಲವರು ಅಳಿಯನನ್ನೂ ಆರಿಸುವುದಿಲ್ಲ. ಒಂದೇ ಹೋಟೆಲಿಗೆ ದಿನದ ಮೂರು ಹೊತ್ತಿನಲ್ಲಿ, ಮೂರು ಹೆಸರಿನಲ್ಲಿ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದ. ಮೂರು ಉತ್ತರ ಒಂದೇ ಥರ ಬಂದರೆ, "ಮೊದಲೇ ಮಾತಾಡಿಕೊಂಡಿದಾರೆ" ಎನ್ನುತ್ತಿದ್ದ. ಬೇರೆ ಬೇರೆ ಬಂದರೆ, "ಸುಳ್ಳರು" ಎನ್ನುತ್ತಿದ್ದ. ಹವಾಯಿಯವರೆಲ್ಲ ಇಳಿದುಕೊಳ್ಳುವ, ಊರೊಳಗಿನ ಹಳೇ ಹೋಟೆಲಿನ ಹೆಸರು ನಾನೇ ಎತ್ತಿದೆ. ಅಲ್ಲಿ ಊಟವೂ ನಮ್ಮದೇ, ಜನರೂ ನಮ್ಮವರೇ.

"ಅದೇ ಮತ್ತೆ," ಅಂದ ವೆಂಡೆಲ್. "ಅಷ್ಟು ಚೆನ್ನಾಗಿ ಯಾಕೆ ನೋಡ್ಕೊಳ್ತಾರೆ? ಎಲ್ಲೋ ಕತ್ತರಿ ಹಾಕ್ತಿದಾರೆ, ಯಾರಿಗೂ ಕಂಡಿಲ್ಲ ಅಷ್ಟೇ."

ಕೊನೆಗೆ ಕಸೀನೊಗಳ ಸಾಲಿರುವ ದೊಡ್ಡ ಬೀದಿಯ ತುದಿಯಲ್ಲಿರುವ ಹಳದಿ ಬಣ್ಣದ ಹೋಟೆಲು ಪಾಸಾಯಿತು. ಸೋಮವಾರದಿಂದ ಶುಕ್ರವಾರ, ಯಾಕೆಂದರೆ ವಾರಾಂತ್ಯ ಬಂತೆಂದರೆ ಅದೇ ಕೋಣೆಗೆ ಮೂರು ಪಟ್ಟು ಬೆಲೆ. ಆ ವಾರ ಊರಲ್ಲಿ ಯಾವ ದೊಡ್ಡ ಸಮ್ಮೇಳನವೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ಆರಿಸಿದ ಕೋಣೆಯ ಕಿಟಕಿ ತೆಗೆದರೆ ಕಾರು ನಿಲ್ಲಿಸುವ ಕಟ್ಟಡದ ಗೋಡೆ. ಆ ಕೋಣೆಯಲ್ಲಿ ಫ್ರಿಜ್ ಇರಲಿಲ್ಲ. ಅದೇ ಅದರ ದೊಡ್ಡ ಗುಣ. ಈ ಹೋಟೆಲುಗಳ ಪುಟ್ಟ ಫ್ರಿಜ್ಜಿನಲ್ಲಿ ಸಾಲಾಗಿ ಬಾಟಲಿ, ತಿಂಡಿ ಇಟ್ಟಿರುತ್ತಾರೆ, ಅವು ಕೂತ ಜಾಗದಡಿ ಒಂದು ಯಂತ್ರ. ಎತ್ತಿ ಸ್ವಲ್ಪ ಹೊತ್ತು ಹೊರಗಿಟ್ಟರೆ ಸಾಕು, ಕುಡಿಯಲಿ ಬಿಡಲಿ, ಬಿಲ್ಲಿಗೆ ಏರುತ್ತದೆ.

"ಗೋಡೆ ನೋಡೋಕೆ ದುಡ್ಡು ಕೇಳಲ್ಲ, ಇಲ್ಲದ ಫ್ರಿಜ್ಜಿಗೂ ಕೇಳೋಕಾಗಲ್ಲ," ಎಂದು ಅವನು ಕೈ ಉಜ್ಜಿಕೊಂಡ.

ಮೇ ತಿಂಗಳ ಸೋಮವಾರ ಮಿತ್ಸುಯೆ ಅಕ್ಕ ಇಳಿದರು. ಎಪ್ಪತ್ತಾರರ ಹೆಂಗಸು, ನನ್ನ ಭುಜದಷ್ಟು ಎತ್ತರ. ಕೈಯಲ್ಲಿ ಪುಟ್ಟ ಸೂಟ್‌ಕೇಸ್, ಹಿಂದೆ ಅದರ ಮೂರರಷ್ಟು ದೊಡ್ಡದೊಂದು ತಂಪುಪೆಟ್ಟಿಗೆ. ಯಾರ ಬಾಗಿಲಿಗೂ ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ದ್ವೀಪಗಳಲ್ಲಿ ತಾಯಿ ಹಾಲಿನ ಜೊತೆ ಬರುವ ಪಾಠ. ಹೊಗೆ ಹಾಕಿದ ಮೀನು, ಗುಲಾಬಿ ಬಣ್ಣದ ಮೀನಿನ ಕಡುಬು, ಎಲೆಯಲ್ಲಿ ಸುತ್ತಿ ಬೇಯಿಸಿದ ಹಂದಿಮಾಂಸ, ನನಗೆಂದೇ ಪೋರ್ಚುಗೀಸ್ ಸಾಸೇಜು, ಜೊತೆಗೆ ಇಲ್ಲಿ ನೆಲೆಸಿದ ಹೈಲೋದವರ ಒಂಬತ್ತು ಮನೆಗಳ ಪಾಲು.

"ಇದನ್ನೆಲ್ಲ ನಿನ್ನ ಫ್ರೀಜರಲ್ಲಿ ಇಡೋ," ಅಂದರು.

"ಜಾಗ ಇಲ್ಲ ಅಕ್ಕ. ಟರ್ಕಿ ಇವೆ."

"ಎಷ್ಟು?"

"ಏಳು."

ಅಕ್ಕ ತಮ್ಮನನ್ನು ಸುಮ್ಮನೆ ನೋಡಿದರು. ಆ ನೋಟಕ್ಕೆ ಮರಳುಗಾಡಿನಲ್ಲೂ ಚಳಿಯಾಯಿತು.

ಹೋಟೆಲಿನ ಕೌಂಟರಿನಲ್ಲಿ ನೊಹೆಯಾ ಎಂಬ ಹುಡುಗಿ, ಕಿವಿಯ ಹಿಂದೆ ಹೂವು. ಒವಾಹು ದ್ವೀಪದವಳು ಎಂದು ಅವಳು ಬಾಯಿ ತೆರೆದ ಕೂಡಲೇ ನಮಗೆ ಗೊತ್ತಾಯಿತು. ವೆಂಡೆಲ್ ತನ್ನ ಕಾಗದಗಳನ್ನು ಹರಡಿ ವಿಚಾರಣೆ ಶುರು ಮಾಡಿದ. ಫೀ ಎಷ್ಟು, ಅದರ ಮೇಲೆ ತೆರಿಗೆ ಎಷ್ಟು, ಮುಂಗಡ ಹಿಡಿದ ಹಣ ಎಷ್ಟು ದಿನಕ್ಕೆ ವಾಪಸ್ಸು. ಆ ಹುಡುಗಿ ನಗುನಗುತ್ತ ಎಲ್ಲಕ್ಕೂ ಉತ್ತರ ಕೊಟ್ಟಳು. ಈ ನಡುವೆ ಅಕ್ಕ ಕೈಚೀಲದಿಂದ ಒಂದು ಚಾಕೊಲೇಟ್ ಪೆಟ್ಟಿಗೆ ತೆಗೆದು ಕೌಂಟರಿನ ಮೇಲಿಟ್ಟರು.

"ನಿಂಗೂ ನಿನ್ನ ಜೊತೆ ಕೆಲಸ ಮಾಡೋರ್ಗೂ ಕಣಮ್ಮ. ಹೈಲೋದ್ದು."

"ಅಯ್ಯೋ ಆಂಟಿ, ಯಾಕೆ ಇದೆಲ್ಲ," ಅಂದಳು ನೊಹೆಯಾ, ಅನ್ನುತ್ತಲೇ ಪೆಟ್ಟಿಗೆಯನ್ನು ಕೆಳಗಿಟ್ಟುಕೊಂಡು ಕಂಪ್ಯೂಟರ್ ತಟ್ಟಿದಳು. "ಗೋಡೆ ಕಡೆ ಕೋಣೆ ಬೇಡ ನಿಮಗೆ. ಹದಿನೆಂಟನೇ ಮಹಡೀಲಿ ದೊಡ್ಡದು ಕೊಡ್ತೀನಿ. ಬೆಟ್ಟ ಕಾಣುತ್ತೆ. ಅದೇ ರೇಟು."

ವೆಂಡೆಲನ ಮುಖ ಸುಣ್ಣವಾಯಿತು. "ಯಾಕೆ?"

"ಯಾಕೆ ಅಂದ್ರೆ ಅಂಕಲ್?"

"ದೊಡ್ಡ ಕೋಣೆ ಯಾಕೆ ಅದೇ ರೇಟಿಗೆ?"

"ಆಂಟಿ ಚಾಕೊಲೇಟ್ ಕೊಟ್ರಲ್ಲ."

ಇಷ್ಟು ನೇರವಾದ ಉತ್ತರವನ್ನು ಅವನು ಹತ್ತೊಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ನಂಬಲೂ ಇಲ್ಲ. ಆದರೆ ಅಕ್ಕ ಆಗಲೇ ಬೀಗದ ಕಾರ್ಡು ತೆಗೆದುಕೊಂಡು ಲಿಫ್ಟಿನ ಕಡೆ ನಡೆದಿದ್ದರು. ಮೇಲೆ ಹೋಗಿ ಬಾಗಿಲು ತೆಗೆದರೆ ಬೆಟ್ಟವೇನೋ ಕಂಡಿತು. ಅದರ ಕೆಳಗೇ ಆ ಪುಟ್ಟ ಫ್ರಿಜ್ಜೂ ಕಂಡಿತು.

"ನೋಡಿದ್ಯಾ?" ಅಂದ ವೆಂಡೆಲ್ ನನಗೆ, ಒಂದು ಥರ ನೆಮ್ಮದಿಯಲ್ಲಿ. "ಹೇಳ್ಲಿಲ್ವಾ?"

ಅಗಲದ ಟೇಪು ತಂದಿದ್ದ. ಫ್ರಿಜ್ಜಿನ ಬಾಗಿಲಿಗೆ ಅಡ್ಡ, ಉದ್ದ ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದ: ಮುಟ್ಟಿದರೆ ಬಿಲ್ಲು. ಅಷ್ಟು ಸಾಲದೆ ಅಕ್ಕನನ್ನು ಎದುರಿಗೆ ಕೂರಿಸಿ ಆರು ಸಲ ಹೇಳಿದ. ಅಕ್ಕ ಆರು ಸಲವೂ ತಲೆಯಾಡಿಸಿದರು.

ಮೂರು ದಿನ ಅವನು ರಾಜನ ಹಾಗೆ ನಡೆಸಿದ. ಮನೆಯಿಂದ ನೀರಿನ ಬಾಟಲಿ, ಕಾಫಿಗೆ ತನ್ನದೇ ಕೆಟಲ್. ದೊಡ್ಡ ಬೀದಿಯಲ್ಲಿ ಒಂದು ತುತ್ತು ತಿನ್ನಿಸಲಿಲ್ಲ. ನಾವು ಊರಿನವರು ಹೋಗುವ ಕಡೆ ಕರೆದೊಯ್ದು, ಒಂದಕ್ಕೊಂದು ಪುಕ್ಕಟೆಯ ಕೂಪನ್ ಹಾಕಿ ಊಟ ಹಾಕಿಸಿದ. ಕೋಣೆಯಲ್ಲಿಟ್ಟ, ಇನ್ನೂ ಖಾಲಿಯಾಗದ ತಂಪುಪೆಟ್ಟಿಗೆಗೆ ಮಹಡಿಯ ಮಂಜುಗಡ್ಡೆ ಯಂತ್ರದಿಂದ ದಿನಕ್ಕೆ ಎರಡು ಸಲ ಬಕೆಟ್ ತುಂಬಿಸಿ ಸುರಿದ. ದಿನಾ ಬೆಳಿಗ್ಗೆ ಕೌಂಟರಿಗೆ ಹೋಗಿ ಬಿಲ್ಲು ಕೇಳಿ ಓದುತ್ತಿದ್ದ, ಜಾತಕ ಓದುವವರ ಹಾಗೆ. ಎಲ್ಲ ಸರಿಯಾಗಿಯೇ ಇರುತ್ತಿತ್ತು. "ತಾಳು, ಕೊನೇ ದಿನ ಇಕ್ತಾರೆ," ಎನ್ನುತ್ತಿದ್ದ. ಅಕ್ಕ ಒಂದೊಂದು ಸೆಂಟು ಹಾಕಿ ಆಡುವ ಜೂಜಿನ ಯಂತ್ರದ ಮುಂದೆ ಕೂತು ಹದಿನಾಲ್ಕು ಡಾಲರು ಗೆದ್ದರು. ಅದಕ್ಕೂ ಅವನಿಗೆ ಅನುಮಾನ.

ಶುಕ್ರವಾರ ಬೆಳಿಗ್ಗೆ ನನ್ನ ಜೇಬಿನ ರಸೀದಿಗಳನ್ನೂ ಕೋಣೆಯ ಬಾಡಿಗೆಯನ್ನೂ ಕೂಡಿಸಿದರೆ ಐನೂರ ಎಂಬತ್ತೆಂಟು. ವೆಂಡೆಲ್ ಕೌಂಟರಿನ ಕಡೆ ನಡೆದ ರೀತಿಗೆ ಹಿಂದೆ ಒಂದು ಬ್ಯಾಂಡ್ ಸೆಟ್ ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ನೊಹೆಯಾ ಬಿಲ್ಲು ತಿರುಗಿಸಿ ತೋರಿಸಿದಳು. ಕೋಣೆಯ ಬಾಡಿಗೆಯ ಕೆಳಗೆ ಹೊಸ ಸಾಲುಗಳು: ವಿಸ್ಕಿ, ವೋಡ್ಕಾ, ದ್ರಾಕ್ಷಾರಸ, ಬೀಜಗಳು, ನೀರು. ಇಪ್ಪತ್ತನಾಲ್ಕು ಸಾಮಾನು, ಮುನ್ನೂರ ಹನ್ನೆರಡು ಡಾಲರ್.

ವೆಂಡೆಲ್ ಸಿಟ್ಟಾಗಲಿಲ್ಲ. ಹನ್ನೆರಡು ವರ್ಷ ಕನ್ನಡಿಯಲ್ಲಿ ಕಂಡದ್ದು ಕೊನೆಗೂ ಎದುರಿಗೇ ಬಂತಲ್ಲ ಎನ್ನುವ ಹಾಗೆ ಹೊಳೆದ. "ಎವರೆಟ್, ಬರ್ಕೋ. ಎಪ್ಪತ್ತಾರು ವರ್ಷದ ಹೆಂಗಸು ಒಂದೇ ರಾತ್ರೀಲಿ ಇಪ್ಪತ್ತನಾಲ್ಕು ಬಾಟಲಿ ಕುಡಿದ್ಲಂತೆ."

"ಆಂಟಿ," ಎಂದು ಮೆಲ್ಲಗೆ ಕೇಳಿದಳು ನೊಹೆಯಾ, "ಫ್ರಿಜ್ ತೆಗೆದ್ರಾ?"

"ತೆಗೆದೆ ಕಣಮ್ಮ," ಅಂದರು ಅಕ್ಕ. "ನಿನ್ನೆ ಮಧ್ಯಾಹ್ನ ಮಂಜುಗಡ್ಡೆ ಯಂತ್ರ ಕೆಟ್ಟೋಯ್ತು. ಮೀನು ಕೆಡಬಾರದಲ್ಲ. ನಿಮ್ಮ ಸಾಮಾನೆಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಿದೀನಿ. ಒಂದೂ ಮುಟ್ಟಿಲ್ಲ."

"ಟೇಪು?" ಎಂದ ವೆಂಡೆಲ್. "ಟೇಪು ಏನಾಯ್ತು ಅಕ್ಕ?"

"ಕಿತ್ತೆ. ಮಡಚಿ ಇಟ್ಟಿದೀನಿ, ಮತ್ತೆ ಉಪಯೋಗಕ್ಕೆ ಬರುತ್ತೆ."

ನೊಹೆಯಾ ನಕ್ಕುಬಿಟ್ಟಳು. "ಅಂಕಲ್, ನಮ್ಮ ದ್ವೀಪದವರು ತಿಂಗಳಿಗೆ ಒಬ್ಬರಾದ್ರೂ ಹೀಗೆ ಮಾಡ್ತಾರೆ. ಎಲ್ಲ ವಾಪಸ್ ಇಡಿ, ನಮ್ಮೋರು ಬಂದು ಎಣಿಸ್ತಾರೆ, ಎಲ್ಲ ಇದ್ರೆ ಅಷ್ಟೂ ಹೊಡೆದುಹಾಕ್ತೀನಿ."

"ನಾನೇ ಹೋಗಿ ಇಡ್ತೀನಿ," ಅಂದ ವೆಂಡೆಲ್. "ನೀವ್ಯಾರೂ ಬರ್ಬೇಡಿ. ಯಾರನ್ನೂ ನಂಬೋ ಹಾಗಿಲ್ಲ." ಅಂಗಿಯ ಮೇಲೆ ಸದಾ ಹಾಕುವ ಬೂದು ಜಾಕೆಟ್ಟಿನ ಜಿಪ್ಪು ಎಳೆದುಕೊಂಡು ಒಬ್ಬನೇ ಲಿಫ್ಟಿಗೆ ಹೋದ.

ನಾನೂ ಅಕ್ಕನೂ ಸೋಫಾದಲ್ಲಿ ಕೂತೆವು. ಸುತ್ತ ಯಂತ್ರಗಳು ಕಿಣಿಕಿಣಿ ಅನ್ನುತ್ತಿದ್ದವು.

"ಅವನು ಆರು ಸಲ ಹೇಳಿದ್ನಲ್ಲ ಅಕ್ಕ, ಎತ್ತಿದ್ರೆ ಬಿಲ್ ಬೀಳುತ್ತೆ ಅಂತ. ಬರೆದೂ ಇತ್ತು."

"ಬರೆದಿತ್ತು. ನಂಗೆ ಕಣ್ಣು ಚೆನ್ನಾಗೇ ಕಾಣುತ್ತೆ," ಅಂದರು ಅವರು. ಆಮೇಲೆ ನನ್ನ ಕಡೆ ಬಾಗಿ, "ಭಾನುವಾರ ಫೋನ್ ಮಾಡ್ತೀನಲ್ಲ, ಅವನ ಹಿಂದೆ ಟೀವಿ ಸದ್ದು ಒಂದೇ ಕೇಳುತ್ತೆ ಎವರೆಟ್. ಅದೂ ಜಾಹೀರಾತು. ಮೋಸ ಮಾಡಿಯಾದ್ರೂ ಕರ್ಕೊಂಡು ಹೋಗೋಣ ಅಂದ್ಕೊಂಡೆ. ಈ ಹುಡುಗಿ ಇಷ್ಟು ಒಳ್ಳೆಯವಳು ಅಂತ ಯಾರಿಗೆ ಗೊತ್ತಿತ್ತು."

ಸಾಕ್ಷಿಯಾದ ನಾನು ರಸೀದಿಗಳನ್ನು ಇನ್ನೊಮ್ಮೆ ಜೋಡಿಸಿದೆ. ಪಂದ್ಯ ಅವರು ಸೋತಿದ್ದರು. ಇನ್ನು ತಮ್ಮನಿಗೆ ವಾಪಸ್ ಬಾ ಎನ್ನುವ ಹಾಗಿರಲಿಲ್ಲ. ಅವರು ಕೈಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದರು.

ಇಪ್ಪತ್ತು ನಿಮಿಷಕ್ಕೆ ವೆಂಡೆಲ್ ಇಳಿದು ಬಂದ. ಹಿಂದೆಯೇ ಕೌಂಟರಿನ ಫೋನು ಹೊಡೆಯಿತು. ನೊಹೆಯಾ ಕೇಳಿಸಿಕೊಂಡು, ಫೋನಿಟ್ಟು, ಸಂಕೋಚದಿಂದ ನೋಡಿದಳು.

"ಇಪ್ಪತ್ಮೂರು ಇದೆಯಂತೆ. ಒಂದು ಸಿಕ್ತಿಲ್ಲ. ನಮ್ಮ ದ್ವೀಪಗಳ ಮೆಕಡೇಮಿಯಾ ಬೀಜದ ಪುಟ್ಟ ಡಬ್ಬಿ. ಹತ್ತೊಂಬತ್ತು ಡಾಲರ್."

"ನಾನು ಮುಟ್ಟಿಲ್ಲ," ಅಂದರು ಅಕ್ಕ. ನಿಜವಾಗಿಯೂ ಗಾಬರಿಯಾಗಿದ್ದರು. "ನಮ್ಮ ಹಿತ್ತಿಲಲ್ಲಿ ಆ ಮರಾನೇ ಇದೆ. ಹತ್ತೊಂಬತ್ತು ಡಾಲರ್ ಕೊಟ್ಟು ಯಾರು ತಿಂತಾರೆ?"

ಐನೂರ ಎಂಬತ್ತೆಂಟಕ್ಕೆ ಹತ್ತೊಂಬತ್ತು ಸೇರಿದರೆ ಆರುನೂರ ಏಳು. ನಾನು ಕೂಡಿಸಿದ್ದು ನನ್ನ ಮುಖದಲ್ಲೇ ಕಂಡಿರಬೇಕು.

"ಹೋಗ್ಲಿ ಬಿಡಿ ಅಂಕಲ್, ಒಂದು ಡಬ್ಬಿ ತಾನೆ," ಅಂದಳು ನೊಹೆಯಾ, ಬೆರಳು ಆಗಲೇ ಗುಂಡಿಯ ಮೇಲಿತ್ತು. "ಇದನ್ನೂ ತೆಗೆದುಬಿಡ್ತೀನಿ."

"ಬೇಡ," ಅಂದ ವೆಂಡೆಲ್.

ಐವತ್ತು ಸೆಂಟಿಗೆ ಮ್ಯಾನೇಜರುಗಳನ್ನು ಊಟದಿಂದ ಎಬ್ಬಿಸಿ ಕರೆಸಿದವನು ಅವನು. ನಾನು ಅವನ ಕಡೆ ತಿರುಗಿದೆ. ಅವನು ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದ.

"ಬಿಲ್ಲು ಅಂದ್ರೆ ಬಿಲ್ಲು," ಅಂದ. "ಯಂತ್ರ ಸುಳ್ಳು ಹೇಳುತ್ತಾ?"

"ನೀನೇ ಹೇಳ್ತಿದ್ಯಲ್ಲೋ, ಯಂತ್ರವೇ ಸುಳ್ಳು ಅಂತ," ಅಂದರು ಅಕ್ಕ.

"ಎಲ್ಲ ಸಲ ಹೇಳಲ್ಲ. ಎವರೆಟ್, ಎಷ್ಟಾಯ್ತು?"

"ಆರುನೂರ ಏಳು."

"ಹಂಗಾದ್ರೆ ಸೋತೆ," ಅಂದು ಅವನು ಹಣ ತೆಗೆದು ಎಣಿಸಿಕೊಟ್ಟ. ಚಿಲ್ಲರೆ ವಾಪಸ್ ಬಂದದ್ದನ್ನು ನೋಡದೆ ಜೇಬಿಗೆ ಹಾಕಿಕೊಂಡ. ನೋಡದೆ ಹಾಕಿಕೊಂಡದ್ದನ್ನು ಈ ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡದ್ದು ಅದೊಂದೇ ಸಲ. ಅಕ್ಕ ತಂಪುಪೆಟ್ಟಿಗೆಯ ಹಿಡಿ ಹಿಡಿದುಕೊಂಡರು. ವಿಮಾನ ನಿಲ್ದಾಣ ತಲುಪುವವರೆಗೂ ಅಕ್ಕ ತಮ್ಮ ಇಬ್ಬರೂ ಹವೆಯ ಬಗ್ಗೆಯೇ ಮಾತಾಡಿದರು.

ಮನೆ ಖಾಲಿ ಮಾಡಲು ಆಗಸ್ಟ್ ಬಂತು. ಕುಕ್ಕರುಗಳು ಚರ್ಚಿಗೆ ಹೋದವು, ಟರ್ಕಿಗಳು ನನಗೆ ಬಂದವು. ಹೋಗಿ ಬರುವವರಿಗೆಲ್ಲ ಅವನು, "ಪಂದ್ಯ ಸೋತೆ, ಏನ್ಮಾಡೋದು, ಮಾತು ಕೊಟ್ಟಿದ್ದೆ" ಎಂದು ಹೇಳುತ್ತಿದ್ದ. ಹೈಲೋದ ನೂರಿಪ್ಪತ್ತು ಜನಕ್ಕೂ ಇದನ್ನೇ ಹೇಳಬಹುದಿತ್ತು. ಸೋತು ಬಂದವನನ್ನು ಹಾಲಿನ ಬೆಲೆ ಯಾರೂ ಕೇಳುವುದಿಲ್ಲ.

ಕೊನೆಯ ದಿನ ಅವನ ಬಟ್ಟೆ ಮಡಚಿಡುತ್ತಿದ್ದೆ. ಬೂದು ಜಾಕೆಟ್ಟಿನ ಒಳಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ತೆಗೆದೆ. ಮೆಕಡೇಮಿಯಾ ಬೀಜದ ಪುಟ್ಟ ಡಬ್ಬಿ, ಮುಚ್ಚಳ ತೆಗೆದಿಲ್ಲ, ತಳದಲ್ಲಿ ಹಳದಿ ಹೋಟೆಲಿನ ಬೆಲೆ ಚೀಟಿ.

ಅವನು ಡಬ್ಬಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಪಂದ್ಯದ ಸಾಕ್ಷಿ ಎಂಬುದು ಇಬ್ಬರಿಗೂ ನೆನಪಿತ್ತು.

"ಅವರೇ ಹಾಕಿರ್ಬೇಕು," ಅಂದ. "ಆ ಹೋಟೆಲಿನ ಮೇಲೆ ನಂಗೆ ಮೊದಲಿಂದ್ಲೂ ಅನುಮಾನ."

"ಇರ್ಬಹುದು," ಅಂದೆ.

"ಆ ಕೈಚೀಲಕ್ಕೆ ಹಾಕು. ಅಕ್ಕನ ಮನೆಗೆ ಬರಿಗೈಲಿ ಹೋಗೋಕಾಗುತ್ತಾ."

"ಬೆಲೆ ಚೀಟಿ ಕೀಳ್ಲಾ?"

ಅವನು ಟೇಪಿನ ಸುರುಳಿ ತೆಗೆದು ಕೊನೆಯ ಪೆಟ್ಟಿಗೆಗೆ ಸುತ್ತತೊಡಗಿದ.

"ಬೇಡ, ಇರ್ಲಿ," ಅಂದ. "ಅವಳಿಗೆ ಕಣ್ಣು ಚೆನ್ನಾಗೇ ಕಾಣುತ್ತೆ."